ಅಕ್ಕನ ಬಗ್ಗೆ ಎರಡು ವಾಕ್ಯ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಚಾದರ ಮಡಿಸುವವರು ಹದಿನಾಲ್ಕು ಜನ, ಅಂದರೆ ಏಳು ಜೋಡಿ. ಚಾದರ ಒಬ್ಬರ ಕೈಗೆ ಬಗ್ಗುವ ವಸ್ತುವಲ್ಲ ನೋಡಿ. ಈ ತುದಿ ಒಬ್ಬರು, ಆ ತುದಿ ಒಬ್ಬರು ಹಿಡಿದು, ಜಾಡಿಸಿ, ಎಳೆದು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು. ದಿನಕ್ಕೆ ಇಷ್ಟು ಎಂಬ ಲೆಕ್ಕವೂ ಜೋಡಿಗೇ. ಅದರಲ್ಲಿ ಯಾರು ಎಷ್ಟು ಎಳೆದರು ಎಂದು ಯಾರೂ ಕೇಳುತ್ತಿರಲಿಲ್ಲ.

ಬಾಗಿಲ ಪಕ್ಕದ ಮೇಜಿನವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಏಪ್ರನ್ ಕಟ್ಟುವಾಗ ಶುರುವಾದ ಬಾಯಿ ಸಂಜೆ ಬಿಚ್ಚುವವರೆಗೂ ನಿಲ್ಲುತ್ತಿರಲಿಲ್ಲ, ಹೆಸರಿಟ್ಟವರ ತಪ್ಪೇನಿಲ್ಲ. ಅವಳ ಜೋಡಿಯವಳು ಹದಿನೈದು ವರ್ಷ ದೊಡ್ಡವಳು, ಎಲ್ಲರ ಬಾಯಲ್ಲೂ ಅಕ್ಕ. ಹನ್ನೊಂದು ವರ್ಷದಿಂದ ಒಂದೇ ಚಾದರದ ಎರಡು ತುದಿ ಹಿಡಿದವರು. ರೇಡಿಯೋಗೆ ಹೆರಿಗೆಯಾದಾಗ ಹತ್ತಿರವಿದ್ದವಳು ಅಕ್ಕ. ಅಕ್ಕನ ಗಂಡ ತೀರಿಕೊಂಡಾಗ ಒಲೆ ಹಚ್ಚಿ ಅವಳ ಬಾಯಿಗೆ ತುತ್ತಿಟ್ಟವಳು ರೇಡಿಯೋ.

ಎರಡು ವರ್ಷದ ಹಿಂದೆ ಅಕ್ಕನ ಬಲಭುಜ ಹಿಡಿದುಕೊಂಡಿತು. ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. "ಯಾರಿಗೂ ಹೇಳ್ಬೇಡ ಕಣೇ, ಮನೆಗೆ ಕಳಿಸಿಬಿಡ್ತಾರೆ" ಎಂದಿದ್ದಳು. ರೇಡಿಯೋ ಹೇಳಲಿಲ್ಲ. ಎತ್ತುವ ಕೆಲಸವೆಲ್ಲ ತನ್ನದು, ಕೆಳಗಿನಿಂದ ಎಳೆಯುವುದು ಅಕ್ಕನದು ಎಂದು ಮಾಡಿಕೊಂಡಳು. ಜೋಡಿಯ ಲೆಕ್ಕ ಒಂದು ದಿನವೂ ಕಮ್ಮಿಯಾಗಲಿಲ್ಲ. ಅಷ್ಟು ಮಾತಾಡುವ ಬಾಯಿ ಆ ಒಂದು ವಿಷಯದಲ್ಲಿ ಎರಡು ವರ್ಷ ಹೊಲಿದುಕೊಂಡಿತ್ತು, ಅದನ್ನು ಒಪ್ಪಲೇಬೇಕು.

ಹೀಗಿರುವಾಗ ಮಡಿಸುವ ಯಂತ್ರ ಬರುತ್ತದೆ ಎಂದು ಸುದ್ದಿಯಾಯಿತು. ಇನ್ನು ಎಂಟೇ ಜನ ಸಾಕಂತೆ. ಯಂತ್ರದ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ, ಆದ್ದರಿಂದ ಒಬ್ಬೊಬ್ಬರನ್ನೇ ಕರೆದು ಇಂಗ್ಲಿಷಿನಲ್ಲೇ ಮಾತಾಡಿಸುತ್ತಾರಂತೆ. ಅದಕ್ಕೆ ತಯಾರಾಗಲು ಒಂದು ತಿಂಗಳು, ವಾರಕ್ಕೆರಡು ದಿನ, ಕ್ಯಾಂಟೀನಿನಲ್ಲಿ ಪಾಠ ಇಟ್ಟರು.

ಪಾಠಕ್ಕೆ ಬಂದ ಮೇಷ್ಟ್ರು ಒಳ್ಳೆಯವರೇ. "ಜೊತೆ ಕೆಲಸದವರ ಬಗ್ಗೆ ಅಭಿಪ್ರಾಯ ಕೇಳೇ ಕೇಳ್ತಾರೆ. ಗಂಡಸಾದ್ರೆ ಹಿ, ಹಿಮ್. ಹೆಂಗಸಾದ್ರೆ ಷಿ, ಹರ್. ಇದು ತಪ್ಪಿದ್ರೆ ಮುಗೀತು" ಎಂದರು. ಜೊತೆಗೆ ತಮ್ಮದೊಂದು ನಿಯಮ ಸೇರಿಸಿದರು. "ಬರೀ ಹೊಗಳಿದ್ರೆ ಅದು ಬೆಣ್ಣೆ ಹಚ್ಚೋದು. ಒಂದು ಮೆಚ್ಚುಗೆ ಹೇಳಿ, ಬಟ್ ಅಂತ ಹಾಕಿ, ಒಂದು ಕೊರತೆ ಹೇಳ್ಬೇಕು. ಆವಾಗ್ಲೇ ಅಭಿಪ್ರಾಯ."

ಅಕ್ಕನಿಗೆ ಮೊದಲ ದಿನವೇ ತೊಡಕಾಯಿತು. ಗಂಡನ ಬಗ್ಗೆ ಹೇಳಿ ಎಂದಾಗ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಐ ಲೈಕ್ ದೆಮ್" ಎಂದಳು.

"ದೆಮ್ಮಾ? ಎಷ್ಟು ಜನ ಗಂಡಂದಿರಮ್ಮ ನಿಮಗೆ?" ಎಂದರು ಮೇಷ್ಟ್ರು.

"ಒಬ್ಬರೇ ಮೇಷ್ಟ್ರೇ. ಅವರೂ ಹೋದ್ರು."

ಕ್ಲಾಸೆಲ್ಲ ನಕ್ಕು ಆಮೇಲೆ ನಾಲಿಗೆ ಕಚ್ಚಿಕೊಂಡಿತು. ಹೊರಗೆ ಬಂದಾಗ ಅಕ್ಕ ಇನ್ನೂ ಗೊಣಗುತ್ತಿದ್ದಳು. "ಹೋದವರನ್ನ ಅವನು ಇವನು ಅನ್ನೋಕಾಗುತ್ತೇನೇ? ಅತ್ತೆಗೂ ಷಿ, ಅತ್ತೆ ಸಾಕಿದ ಬೆಕ್ಕಿಗೂ ಷಿ. ಇದೆಂಥ ಭಾಷೆ!"

ರೇಡಿಯೋಗೆ ಹಾಗಲ್ಲ, ಹುಚ್ಚೇ ಹಿಡಿಯಿತು. ಚಾದರ ಜಾಡಿಸುತ್ತ ಜಾಡಿಸುತ್ತ ಊರವರನ್ನೆಲ್ಲ ಹಿಡಿದು ಒಗೆದಳು. ಗೇಟಿನವನಾ? ಐ ಲೈಕ್ ಹಿಮ್, ಬಟ್ ಹಿ ಈಸ್ ಲೇಜಿ. ಅತ್ತೆಯಾ? ಐ ಲೈಕ್ ಹರ್, ಬಟ್ ಷಿ ಈಸ್ ಆಂಗ್ರಿ. ಸೋಪಿನ ಪುಡಿ ತರುವವನು, ವಾರ್ಡಿನ ನರ್ಸು, ಮನೆ ಮಾಲೀಕ, ಒಬ್ಬರನ್ನೂ ಬಿಡಲಿಲ್ಲ.

"ಅಭಿಪ್ರಾಯ ಅಲ್ಲ ಕಣೇ ಇದು, ಚಾಡಿ" ಎಂದು ಅಕ್ಕ ನಗುತ್ತಿದ್ದಳು. ತಿಂಗಳು ಮುಗಿಯುವಷ್ಟರಲ್ಲಿ ಹಿಮ್ಮು ಹರ್ರುಗಳು ರೇಡಿಯೋ ಬಾಯಲ್ಲಿ ಎಡವದೆ ಓಡಾಡುತ್ತಿದ್ದವು.

ಆ ದಿನ ಬಂತು. ಗಾಜಿನ ಕೋಣೆಯಲ್ಲಿ ಕನ್ನಡ ಬಾರದ ಒಬ್ಬ ಅಧಿಕಾರಿಣಿ ಕೂತಿದ್ದಳು, ಮುಂದೆ ಒಂದು ಹಾಳೆ. ಹೆಸರು, ಮನೆ, ಮಕ್ಕಳು ಎಲ್ಲ ಆಯಿತು. ಆಮೇಲೆ ನಿನ್ನ ಜೋಡಿಯವಳ ಬಗ್ಗೆ ಏನನ್ನಿಸುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ರೇಡಿಯೋಳ ಜೀವವೆಲ್ಲ ಷಿ ಮತ್ತು ಹರ್ ಮೇಲೆಯೇ ಇತ್ತು. "ಐ ಲೈಕ್ ಹರ್" ಎಂದಳು. ಸರಿಹೋಯಿತು. "ಐ ಟ್ರಸ್ಟ್ ಹರ್." ಅದೂ ಸರಿಹೋಯಿತು. ಅಲ್ಲಿಗೇ ಬಾಯಿ ಮುಚ್ಚಬಾರದಿತ್ತೇ? ತಿಂಗಳೆಲ್ಲ ತೀಡಿದ ಬಾಯಿ, "ಬಟ್" ಎಂದುಬಿಟ್ಟಿತು. ಬಟ್ ಬಂದ ಮೇಲೆ ಹಿಂದೆ ಏನಾದರೂ ಬರಲೇಬೇಕಲ್ಲ.

"ಬಟ್ ಷಿ ಈಸ್ ಸ್ಲೋ."

ಅಧಿಕಾರಿಣಿ ಪೆನ್ನು ಎತ್ತಿಕೊಂಡಳು. "ವೈ?"

ಪಾಠದಲ್ಲಿಲ್ಲದ ಪ್ರಶ್ನೆಗೂ ತನಗೆ ಉತ್ತರ ಹೊಳೆಯಿತಲ್ಲ ಎಂದು, ಅಯ್ಯೋ ಹುಚ್ಚಿ, ರೇಡಿಯೋ ಹಿಗ್ಗಿದಳು. "ಹರ್ ಶೋಲ್ಡರ್. ಟೂ ಇಯರ್ಸ್. ಐ ಹೆಲ್ಪ್ ಹರ್."

"ವೆರಿ ಗುಡ್ ಇಂಗ್ಲಿಷ್" ಎಂದು ಅಧಿಕಾರಿಣಿ ನಕ್ಕಳು, ಹಾಳೆಯ ಮೇಲೆ ಏನೋ ಬರೆದುಕೊಂಡಳು. ರೇಡಿಯೋಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಕ್ಕ ಒಳಗೆ ಹೋದವಳು ಎರಡೇ ನಿಮಿಷಕ್ಕೆ ಬೆವರು ಒರೆಸಿಕೊಳ್ಳುತ್ತ ಬಂದಳು. "ಹಿ ಅಂದೆನೋ ಷಿ ಅಂದೆನೋ ಒಂದೂ ಗೊತ್ತಿಲ್ಲ. ಕೊನೆಗೆ ಕನ್ನಡದಲ್ಲೇ, ಅವಳಿಲ್ದೆ ನನ್ನ ಕೈಲಿ ಏನೂ ಆಗಲ್ಲ ಅಂದೆ. ಅವರಿಗೇನು ಅರ್ಥ ಆಗುತ್ತೆ, ಪಾಪ. ನೀನೇನಂದೆ ಕಣೇ ನನ್ನ ಬಗ್ಗೆ?"

"ಐ ಲೈಕ್ ಹರ್ ಅಂದೆ ಅಕ್ಕ" ಎಂದಳು ರೇಡಿಯೋ. ಮುಂದೆ ಹೇಳಲು ಬಾಯಿ ತೆರೆದಾಗ, ತಾನು ಒಳಗೆ ಹೇಳಿದ್ದೇನು ಎಂಬುದು ಅವಳಿಗೆ ಕನ್ನಡದಲ್ಲಿ ಕೇಳಿಸಿತು. ಆ ಮಧ್ಯಾಹ್ನವೆಲ್ಲ ಮೇಜಿನ ಹತ್ತಿರ ಮಾತಿರಲಿಲ್ಲ. "ರೇಡಿಯೋ ಕೆಟ್ಟಿದೆ" ಎಂದು ಪಕ್ಕದ ಜೋಡಿ ಚೇಷ್ಟೆ ಮಾಡಿತು.

ಸಂಜೆ ಅವಳು ಗಾಜಿನ ಕೋಣೆಯ ಬಾಗಿಲಿಗೆ ಓಡಿದಳು. "ಮೇಡಂ, ಐ ಸೇ ರಾಂಗ್. ರಾಂಗ್, ಮೇಡಂ" ಎಂದು ಕೈಮುಗಿದಳು. ಅಧಿಕಾರಿಣಿ ಬ್ಯಾಗು ಹೆಗಲಿಗೇರಿಸುತ್ತ, ಇಲ್ಲ ಇಲ್ಲ, ಒಂದು ತಪ್ಪೂ ಇರಲಿಲ್ಲ, ಹೆದರಬೇಡ ಎಂದು ಅವಳ ಬೆನ್ನು ತಟ್ಟಿ ಹೋದಳು. ತಡೆದು ನಿಲ್ಲಿಸಿ ಸುಳ್ಳಾದರೂ ಹೇಳೋಣವೆಂದರೆ ಅದಕ್ಕೆ ಬೇಕಾದಷ್ಟು ಇಂಗ್ಲಿಷ್ ಅವಳಲ್ಲಿರಲಿಲ್ಲ.

ಶುಕ್ರವಾರ ಉಳಿಸಿಕೊಳ್ಳುವ ಎಂಟು ಜನರ ಪಟ್ಟಿ ಬಂತು. ರೇಡಿಯೋ ಇದ್ದಳು. ಅಕ್ಕ ಇರಲಿಲ್ಲ. ಅಕ್ಕನನ್ನು ಒಳಗೆ ಕರೆದು, ಗುಮಾಸ್ತನೊಬ್ಬನ ಮೂಲಕ ಏನೋ ತಿಳಿಸಿ ಹೇಳಿದರು. ಹೊರಗೆ ಬಂದವಳು ಏಪ್ರನ್ ಬಿಚ್ಚಿ, ನೀಟಾಗಿ ಮಡಿಸಿ, ಮೇಜಿನ ಮೇಲಿಟ್ಟು ಹೋದಳು. ರೇಡಿಯೋ ಆಗ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಎದುರಿಗೆ ನಿಲ್ಲುವ ಧೈರ್ಯವಿರಲಿಲ್ಲ, ಅಷ್ಟೆ.

ಹತ್ತು ದಿನ ಕಳೆದ ಮೇಲೆ ಅಕ್ಕನ ಮಗಳಿಂದ ಫೋನ್ ಬಂತು. ಒಂದು ವೃದ್ಧಾಶ್ರಮದಲ್ಲಿ ಕೆಲಸವಿದೆಯಂತೆ, ಜೊತೆಗೆ ಕೆಲಸ ಮಾಡಿದವರು ಯಾರಾದರೂ ಇಂಗ್ಲಿಷಿನಲ್ಲಿ ಒಂದು ಪತ್ರ ಕೊಡಬೇಕಂತೆ, ಬರ್ತೀರಾ ಎಂದಳು. ರೇಡಿಯೋ ಎದ್ದುಬಿದ್ದು ಓಡಿದಳು.

ಅಕ್ಕ ಬಾಗಿಲು ತೆಗೆದು, ಕುರ್ಚಿ ಸರಿಸಿ, ಹಾಳೆ ಪೆನ್ನು ತಂದಿಟ್ಟಳು. ರೇಡಿಯೋ ಬರೆದಳು. ಷಿ ಈಸ್ ಆನೆಸ್ಟ್. ಷಿ ಈಸ್ ಕ್ಲೀನ್. ಎವ್ರಿಬಡಿ ಲೈಕ್ಸ್ ಹರ್. ಒಂದೊಂದನ್ನೂ ಓದಿ ಕನ್ನಡದಲ್ಲಿ ಹೇಳಿದಳು. ಎಲ್ಲೂ ಬಟ್ ಇರಲಿಲ್ಲ.

ಅಕ್ಕ ಕೇಳಿಸಿಕೊಂಡು, "ಭುಜದ ವಿಷಯ?" ಎಂದಳು.

"ಬರೆದಿಲ್ಲ ಅಕ್ಕ."

"ಅಲ್ಲಿ ಹೇಳಿದ್ರಲ್ಲ, ಇಲ್ಲೂ ಬರೀಬೇಕೇನೋ ಅಂದ್ಕೊಂಡೆ. ನನ್ನ ಮಗಳಿಗೂ ಗೊತ್ತಿರ್ಲಿಲ್ಲ ಅದು."

ರೇಡಿಯೋ ಕುರ್ಚಿಯಿಂದ ಜಾರಿ ಅವಳ ಕಾಲ ಹತ್ತಿರ ಕೂತಳು. ಪಾಠ, ಬಟ್, ಬಾಯಿಗೆ ಬಂದದ್ದು, ಓಡಿಹೋಗಿ ಕೈಮುಗಿದದ್ದು, ಎಲ್ಲವನ್ನೂ ಅಳುತ್ತ ಒದರಿದಳು. ಬೈಯಲಿ, ಕೆನ್ನೆಗೆ ಒಂದು ಬಾರಿಸಲಿ ಎಂದು ಕಾದಳು.

"ಏಳಿ, ನೆಲ ತಣ್ಣಗಿದೆ" ಎಂದಳು ಅಕ್ಕ. "ನಂಗೇನೂ ಕೋಪ ಇಲ್ಲ. ಬೇಕಂತ ಮಾಡಿದ್ದಲ್ಲ ಅಂತ ಗೊತ್ತು. ನೀವು ಕೆಲಸ ಬಿಟ್ಟು ಬಂದು ಬರ್ಕೊಟ್ರಲ್ಲ, ಅದೇ ದೊಡ್ಡದು."

ಹನ್ನೊಂದು ವರ್ಷದಲ್ಲಿ ಅಕ್ಕ ಅವಳನ್ನು ಒಂದು ದಿನವೂ ನೀವು ಎಂದವಳಲ್ಲ. ರೇಡಿಯೋ ಅವಳ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನೀವು ಅನ್ಬೇಡ. ಮೊದಲಿನ ಹಾಗೆ ನೀನು ಅನ್ನು. ಬೈದಾದ್ರೂ ಅನ್ನು."

ಅಕ್ಕ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ತುಟಿ ಅಲ್ಲಾಡಿತು. ಕಣ್ಣಲ್ಲಿ ನೀರೂ ಬಂತು.

"ಅನ್ನೋಣ ಅಂತ ನೀವು ಬಂದಾಗ್ಲಿಂದ ನೋಡ್ತಾನೇ ಇದೀನಿ" ಎಂದಳು. "ಬಾಯಿಗೆ ಬರ್ತಾ ಇಲ್ಲ ರೀ."