ಎಡ ಚಕ್ರದ ಕ್ಯಾಪ್

ಅತ್ತರಿನ ಸೀಸೆಗಾಗಿ ಅಲಮಾರಿ ತಡಕುತ್ತಿದ್ದ ಶಿರೀನಳ ಕೈಗೆ ಸಿಕ್ಕಿದ್ದು ಪೇಪರಿನಲ್ಲಿ ಸುತ್ತಿಟ್ಟ ಕಾರಿನ ವೀಲ್ ಕ್ಯಾಪ್. ಅಬ್ಬಾ ನಿನ್ನೆ ರಾತ್ರಿ ತಂದಿಟ್ಟದ್ದು.

ನಡುಮನೆಯಲ್ಲಿ ಅಬ್ಬಾ, ಮೆಕ್ಯಾನಿಕ್ ಅಕ್ತರ್, ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಬೆಳಗಿನ ನಮಾಜಿಗೆ ಎಬ್ಬಿಸಲು ಹೋದಾಗಲೇ ಮೈ ತಣ್ಣಗಾಗಿತ್ತು. ಇನ್ನೇನು ಹೆಂಗಸರಿಗೆ ಕೊನೆಯ ಸಲ ಮುಖ ತೋರಿಸಿ, ಗಂಡಸರು ಹೆಗಲು ಕೊಡುತ್ತಾರೆ. ಅವರ ಮನೆತನದಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಶಿರೀನಳ ಪಾಲಿಗಿದ್ದದ್ದು ಆ ಮುಖ ನೋಡುವ ಒಂದು ಗಳಿಗೆ ಮಾತ್ರ.

ಅಷ್ಟರಲ್ಲಿ ಫೋನ್ ಬಂತು. ಹಲಸೂರಿನಲ್ಲಿದ್ದ ಅಬ್ಬಾನ ಗ್ಯಾರೇಜ್ ಶೆಡ್ಡಿನಿಂದ ಪಂಚಾಕ್ಷರಿ, ಅಬ್ಬಾನ ಮೂವತ್ತು ವರ್ಷದ ಗಿರಾಕಿ.

"ಶಿರೀನಮ್ಮಾ, ಇಲ್ಲಿಗೆ ಬಂದ್ಮೇಲೆ ವಿಷಯ ಗೊತ್ತಾಯ್ತು. ಇನ್ನೊಂದು ಕೀ ನನ್ ಹತ್ರಾನೇ ಇತ್ತು, ನನ್ ಫಿಯಟ್ ತಗೊಂಡು ಹೊರಟೆ. ಸಾಹೇಬ್ರು ಮುಟ್ಟಿದ ಗಾಡೀಲೇ ಅವರ ಹಿಂದೆ ಬರ್ತೀವಿ. ನಮ್ಮನೆಯವ್ಳು ಗುರುದೇವಿನೂ ಜೊತೇಲಿದಾಳೆ."

"ಬೇಡ ಅಂಕಲ್, ಗಾಡಿ ತೆಗೀಬೇಡಿ!"

ಫೋನ್ ಕಟ್ಟಾಗಿತ್ತು. ಮತ್ತೆ ಮತ್ತೆ ಮಾಡಿದಳು. ಗಾಡಿ ಓಡಿಸುವಾಗ ಫೋನ್ ಎತ್ತುವ ಆಸಾಮಿಯಲ್ಲ ಆತ, ಅಷ್ಟು ಶಿಸ್ತು. ಇವತ್ತೊಂದು ದಿನ ಆ ಹಾಳು ಶಿಸ್ತು ತಪ್ಪಬಾರದಿತ್ತೇ!

*

ನಿನ್ನೆ ಸಂಜೆ ಅಬ್ಬಾ ಬಟ್ಟೆ ಸೋಪಿನಲ್ಲಿ ಕೈ ಉಜ್ಜುತ್ತಾ ಹೇಳಿದ್ದರು. "ಫಿಯಟ್ಟಿಂದು ಬಲಗಡೆ ಮುಗೀತು ಬೇಟಿ. ಎಡಗಡೆ ಹೊಸ ಬ್ರೇಕ್ ಶೂ ಕೂರ್ಸಿದೀನಿ, ಹೊಂದಿಸಿಲ್ಲ. ಬೆಳಿಗ್ಗೆ ನೋಡ್ತೀನಿ."

ಹೊಂದಿಸದ ಚಕ್ರದ ಕ್ಯಾಪನ್ನು ಮನೆಗೆ ತರುವುದು ಅವರ ಪದ್ಧತಿ. "ಕ್ಯಾಪ್ ನನ್ ಹತ್ರ ಇರೋವರ್ಗೂ ಜವಾಬ್ದಾರಿ ನಂದು," ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ತಾವೇ ಒಂದು ರೌಂಡ್ ಓಡಿಸಿ ಬಂದು, ಕ್ಯಾಪ್ ಇಟ್ಟು, ಅಂಗೈಯಿಂದ ಮೂರು ಸಲ ಬಡಿಯುತ್ತಿದ್ದರು.

ಶಿರೀನ್ ಈಗ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಆದರೆ ಶಾಲೆಯ ರಜೆಗಳೆಲ್ಲ ಕಳೆದದ್ದು ಶೆಡ್ಡಿನಲ್ಲೇ. "ಚಕ್ರ ಹಿಡ್ಕೊಳ್ಳೋವರ್ಗೂ ನಟ್ಟು ತಿರುಗ್ಸು. ಆಮೇಲೆ ಕೂದಲೆಳೆಯಷ್ಟು ಬಿಡು. ಕಿವಿ ಕೊಡು. ಶೂ ಡ್ರಮ್ಮನ್ನ ಸವರ್ಕೊಂಡು ಹೋಗ್ಬೇಕು, ಕಿರುಚಬಾರ್ದು," ಎಂದು ಅಬ್ಬಾ ಹೇಳಿಕೊಡುತ್ತಿದ್ದರು.

*

"ಬಾ ಶಿರೀನ್, ಮುಖ ನೋಡ್ಕೋ," ಎಂದು ಅಬ್ಬಾನ ತಂಗಿ ಜಹನಾರಾ ಕರೆದಳು.

"ಫುಪ್ಪು, ಬ್ರೇಕ್ ಹಿಡೀದಿರೋ ಗಾಡಿ ಬರ್ತಾ ಇದೆ. ಗಲ್ಲಿ ತುಂಬ ಜನ."

"ನಿನ್ ತಮ್ಮನ್ನ ಕಳ್ಸು."

"ಫೈಸಲ್‌ಗೆ ಸ್ಪ್ಯಾನರ್ ಹಿಡಿಯೋಕೂ ಬರಲ್ಲ. ಅವನು ಹೆಗಲು ಕೊಡ್ಬೇಕು."

"ಈಗ ಹೋದ್ರೆ ಮತ್ತೆ ನೋಡಕ್ಕೆ ಸಿಗಲ್ಲ ಮಗಳೇ."

ಶಿರೀನ್ ನಡುಮನೆಗೆ ಬೆನ್ನು ಹಾಕಿದಳು. ಅಬ್ಬಾನ ಸ್ಪ್ಯಾನರನ್ನೂ ಕ್ಯಾಪನ್ನೂ ಎತ್ತಿಕೊಂಡು ಓಡಿದಳು.

ಗಲ್ಲಿಯ ಮೇಲ್ತುದಿಯಲ್ಲಿ ಫಿಯಟ್ ತಿರುಗುತ್ತಿತ್ತು. ಕೆಳಗೆ ನೂರಾರು ಬಿಳಿ ಟೋಪಿಗಳು. ಅವಳು ರಸ್ತೆಯ ನಡುವೆ ನಿಂತು ಕ್ಯಾಪ್ ಬೀಸಿದಳು. ಕಾರು ಬಲಕ್ಕೆ ಎಳೆದುಕೊಂಡು, ಕಾಂಪೌಂಡಿಗೆ ಗೇಣು ದೂರದಲ್ಲಿ ನಿಂತಿತು.

ಪಂಚಾಕ್ಷರಿ ಬೆವತು ಹೋಗಿದ್ದ. "ಕೆರೆ ಹತ್ರ ಪೆಡಲ್ ಪೂರಾ ಕೆಳಗೋಯ್ತಮ್ಮಾ. ಹ್ಯಾಂಡ್‌ಬ್ರೇಕಲ್ಲೇ ಬಂದ್ಬಿಟ್ಟೆ."

"ಕ್ಯಾಪ್ ಇಲ್ದೇ ಇದ್ದದ್ದು ನೋಡ್ಲಿಲ್ವಾ?"

"ನೋಡ್ದೆ. ಮರ್ತಿರ್ಬೇಕು ಅಂದ್ಕೊಂಡೆ."

"ಅಬ್ಬಾ ಮರೀತಾರಾ ಅಂಕಲ್?" ಎಂದಳು. ಆಗ ಅವಳಿಗೆ ಅಳು ಬಂತು.

ಡಿಕ್ಕಿಯಲ್ಲಿದ್ದ ಜ್ಯಾಕ್ ಏರಿಸಿ, ಎಡ ಚಕ್ರದ ಹಿಂದಿನ ನಟ್ಟುಗಳಿಗೆ ಸ್ಪ್ಯಾನರ್ ಕೊಟ್ಟಳು. ಒಂದು ಶೂ ಹೊಂದಿತು. ಎರಡನೆಯದಕ್ಕೆ ಕೈ ಹಾಕಿದಾಗ ಕಲಿಮಾ ಹೇಳುವ ದನಿಗಳು ಹತ್ತಿರಾದವು, ಪಕ್ಕದಲ್ಲೇ ನೂರಾರು ಕಾಲುಗಳು ಹಾದುಹೋದವು. ತಲೆ ಎತ್ತಿದರೆ ಅಬ್ಬಾನನ್ನು ಹೊತ್ತ ಡೋಲಿಯಾದರೂ ಕಾಣುತ್ತಿತ್ತು. ಚಕ್ರ ಗಾಳಿಯಲ್ಲಿತ್ತು. ಅವಳು ಅದನ್ನು ತಿರುಗಿಸಿ, ಕಿವಿಯನ್ನು ಬ್ರೇಕ್ ಡ್ರಮ್ಮಿಗೆ ಕೊಟ್ಟು, ಶೂ ಸವರುವ ಸದ್ದಿಗಾಗಿ ಕಾದಳು. ಕೊನೆಗೂ ಕೇಳಿಸಿತು.

"ನೀವಿಬ್ರೂ ಈಗ್ಲೇ ಹತ್ಬೇಡಿ. ಒಂದು ರೌಂಡ್ ಹಾಕ್ದೆ ಗಾಡಿ ಕೊಡಲ್ಲ," ಎಂದಳು. ಓಡಿಸುವುದನ್ನು ಕಲಿಸಿದ್ದೂ ಅಬ್ಬಾನೇ.

ಇಳಿಜಾರಿನಲ್ಲಿ ಪೆಡಲ್ ಒತ್ತಿದಳು, ತಿರುವಿನಲ್ಲಿ ಒತ್ತಿದಳು. ಸುತ್ತಿ ಬಳಸಿ ಬಂದು ಖಬರಸ್ತಾನದ ಗೇಟಿನ ಮುಂದೆ ಇನ್ನೊಮ್ಮೆ ಒತ್ತಿದಳು. ಕಾರು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ ನೇರವಾಗಿ ನಿಂತಿತು.

ಒಳಗೆ ಫೈಸಲ್ ಬಗ್ಗಿ ಮಣ್ಣು ತೆಗೆದುಕೊಳ್ಳುತ್ತಿದ್ದ. ಒಬ್ಬೊಬ್ಬರೂ ಗೋರಿಗೆ ಮೂರು ಹಿಡಿ ಹಾಕಬೇಕು. ಶಿರೀನ್ ಗೇಟಿನ ಹೊರಗೆ ಕುಕ್ಕರಗಾಲಿನಲ್ಲಿ ಕುಳಿತು, ಎಡ ಚಕ್ರಕ್ಕೆ ಕ್ಯಾಪ್ ಇಟ್ಟು, ಮಸಿ ಮೆತ್ತಿದ ಅಂಗೈಯಿಂದ ಬಡಿದಳು. ಒಂದು. ಎರಡು. ಮೂರು.