ನಾರಾಯಣಮ್ಮನ ಗಂಟು

ನಾರಾಯಣಮ್ಮನ ಗಂಟನ್ನು ಬಿಚ್ಚಬಾರದು ಎಂಬುದು ಆ ಮನೆಯ ಕಟ್ಟಳೆ. ಯಾಕೆ ಬಿಚ್ಚಬಾರದು ಎಂದು ಕೇಳಿದವರಿಲ್ಲ, ಹೇಳಿದವರೂ ಇಲ್ಲ. ತಮಿಳು ಸೀಮೆಯ ಕಂಬೈನಲ್ಲೂರಿನ ನೇಯ್ಗೆ ಬೀದಿಯಲ್ಲಿ ಕೇಳುವ ಅಭ್ಯಾಸವೇ ಕಮ್ಮಿ. ಹಿರಿಯರು ಮಾಡಿದ್ದನ್ನು ಮಾಡು, ಮಗ್ಗದ ಗುಂಡಿಗೆ ಇಳಿ, ಅಷ್ಟೇ. ಪ್ರತಿವರ್ಷ ಆಯುಧಪೂಜೆಯ ದಿನ ಮಗ್ಗಕ್ಕೆ ಹೂಡಿದ ಹೊಸ ಹಾಸುನೂಲಿನಿಂದ ಒಂದು ಎಳೆ ತೆಗೆದು ಆ ಗಂಟಿಗೆ ಸುತ್ತಬೇಕು, ಅರಿಸಿನ ಹಚ್ಚಬೇಕು, ಮತ್ತೆ ಗೋಡೆಯ ಗೂಡಿನಲ್ಲಿ ಇಡಬೇಕು. ಸುತ್ತಿ ಸುತ್ತಿ ಅದೀಗ ಸುಲಿಯದ ತೆಂಗಿನಕಾಯಿಯಷ್ಟು ದಪ್ಪವಾಗಿತ್ತು. ಒಳಗೆ ಆಕೆಯ ಕಾಗದಪತ್ರಗಳಿವೆ ಎಂಬುದಷ್ಟೇ ಎಲ್ಲರಿಗೂ ಗೊತ್ತು.

ನಾರಾಯಣಮ್ಮ ಎಂದರೆ ಈಗ ಮನೆಗೆ ಹಿರಿಯಳಾದ ಚೆಲ್ಲಮ್ಮನ ಗಂಡನ ಅಜ್ಜಿ. ಹೆಂಗಸರು ಹೊಸ್ತಿಲು ದಾಟದ ಕಾಲದಲ್ಲಿ ಬೆಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹೋಗಿ, ದುಡಿದು, ಊರಿಗೆ ಬಂದು ಸ್ವಂತ ಮಗ್ಗ ಹೂಡಿದ ಗಟ್ಟಿಗಿತ್ತಿ. ಹಾಗಾಗಿ ಬೀದಿಯ ಯಾವ ಹುಡುಗಿ ಹೊರಗಿನ ಕೆಲಸಕ್ಕೆ ಹೊರಟರೂ ಮೊದಲು ಆ ಗಂಟು ಮುಟ್ಟಿ, ಮನೆಯ ಹಿರಿಯ ಹೆಂಗಸಿನ ಕೈಯಿಂದ ಕುಂಕುಮ ಇಡಿಸಿಕೊಳ್ಳುತ್ತಿದ್ದಳು. ಮುಟ್ಟಿ ಹೋದವಳು ನಾರಾಯಣಮ್ಮನಂತೆಯೇ ಗೆದ್ದು ಬರುತ್ತಾಳೆ ಎಂಬ ನಂಬಿಕೆ. ಕುಂಕುಮವಿಲ್ಲದೆ ಯಾವ ತಾಯಿಯೂ ಮಗಳನ್ನು ಗಾಡಿ ಹತ್ತಿಸುತ್ತಿರಲಿಲ್ಲ.

ಈ ನಂಬಿಕೆಯ ಫಸಲು ಕೊಯ್ಯುತ್ತಿದ್ದವನು ಚೆಲ್ಲಮ್ಮನ ಮಗ ಪ್ರಭಾಕರ್. ಮಗ್ಗ ಬಿಟ್ಟು ಅವನು ಹುಡುಗಿಯರನ್ನು ದೂರದ ನೂಲಿನ ಮಿಲ್ಲಿಗೆ ಸೇರಿಸುವ ಏಜೆಂಟ್ ಆಗಿದ್ದ. ಮೂರು ವರ್ಷದ ಕರಾರು, ಊಟ, ಹಾಸ್ಟೆಲ್, ಕೊನೆಗೆ ಮದುವೆಗೆ ಆಗುವಷ್ಟು ಹಣ. ಹೀಗೆ ಹೇಳುವಾಗ ಅವನ ನಾಲಿಗೆಗೆ ಬೆಣ್ಣೆ ಸವರಿದಂತಿರುತ್ತಿತ್ತು. ಮಾತಿಗೆ ಬಗ್ಗದ ತಾಯಂದಿರು ಗಂಟಿಗೆ ಬಗ್ಗುತ್ತಿದ್ದರು. ಕುಂಕುಮ ಇಡುತ್ತಿದ್ದವಳು ಚೆಲ್ಲಮ್ಮನೇ. ಹೋದ ವರ್ಷ ಎದುರುಮನೆಯ ಮೇನಕಾಳಿಗೂ ಅವಳೇ ಇಟ್ಟದ್ದು. ಮೇನಕಾ ಪೊಂಗಲ್ಲಿಗೆ ಬರಲಿಲ್ಲ, ಫೋನೂ ಇಲ್ಲ. ಹಾಸ್ಟೆಲ್ಲಿನ ರೂಲ್ಸು ಎಂದಿದ್ದ ಪ್ರಭಾಕರ್. ಚೆಲ್ಲಮ್ಮ ನಂಬಿದ್ದಳು, ಹೆತ್ತವಳು ಮಗನನ್ನು ನಂಬದೆ ಇನ್ನಾರನ್ನು ನಂಬಬೇಕು?

ಈ ಸಲದ ಸರದಿ ತಮಿಳ್‌ಸೆಲ್ವಿಯದು. ಚೆಲ್ಲಮ್ಮನ ಮಗ್ಗಕ್ಕೆ ನೂಲು ಸುತ್ತಿಕೊಡುವ ಶಾಂತಿಯ ಮಗಳು, ಹತ್ತನೆಯ ಕ್ಲಾಸು ಆಗ ತಾನೇ ಮುಗಿಸಿದ್ದಳು. ಬೆಳಗಾದರೆ ಗಾಡಿ. ಹಿಂದಿನ ದಿನ ಚೆಲ್ಲಮ್ಮ ಗೂಡು ಒರೆಸಲು ಹೋದರೆ ಗೋಡೆಯುದ್ದಕ್ಕೂ ಗೆದ್ದಲಿನ ಮಣ್ಣು ಏರಿತ್ತು. ಗಂಟು ಎತ್ತಿದಾಗ ತಳದಿಂದ ಪುಡಿ ಉದುರಿತು.

ಬಿಚ್ಚದಿದ್ದರೆ ಗಂಟೇ ಉಳಿಯುವುದಿಲ್ಲ. ಪೂಜೆಯ ನೂಲಿಗೆ ಕತ್ತರಿ ತಾಕಿಸುವಂತಿಲ್ಲ. ಚೆಲ್ಲಮ್ಮ ಎಳೆ ಎಳೆಯಾಗಿ ಬಿಡಿಸುತ್ತ ಕೂತಳು. ತನ್ನ ಕೈಯಾರೆ ಸುತ್ತಿದ ಎಳೆಗಳು ಮುಗಿದು ಅತ್ತೆ ಸುತ್ತಿದವು ಬಂದವು; ಆಮೇಲೆ ತಾನು ಕಾಣದವರು ಸುತ್ತಿದವು, ಮುಟ್ಟಿದರೆ ಪುಡಿಯಾಗುವಂಥವು. ಸಂಜೆಯ ಹೊತ್ತಿಗೆ ಕಾಗದ ಕಂಡಿತು.

ಕನ್ನಡದ ಬರಹ. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ, ಓದಿದ್ದು ಮಾತ್ರ ತಮಿಳು. ಆನೇಕಲ್ ಕಡೆಯಿಂದ ಸೊಸೆಯಾಗಿ ಬಂದ ಚೆಲ್ಲಮ್ಮ ಒಬ್ಬಳೇ ಮೂರನೆಯ ಕ್ಲಾಸಿನವರೆಗೆ ಕನ್ನಡ ಓದಿದ್ದವಳು. ಈ ಮನೆಗೆ ಬಂದ ಮೇಲೆ ಆ ಅಕ್ಷರಗಳು ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಕನ್ನಡಕ ಏರಿಸಿಕೊಂಡು ಅಕ್ಷರ ಕೂಡಿಸತೊಡಗಿದಳು.

ಮೇಲೆ ತೋಟದ ಪಾಸು, ಜ್ವರದ ಮದ್ದಿನ ಚೀಟಿ. ಅದರ ಕೆಳಗೆ ಒಂದೇ ಅಳತೆಗೆ ಹರಿದ ತುಂಡು ಕಾಗದಗಳು. ಪ್ರತಿಯೊಂದರಲ್ಲೂ ಒಂದು ಹುಡುಗಿಯ ಹೆಸರು, ಊರು, ಯಾರ ಮಗಳು, ಒಂದು ಹೆಬ್ಬೆಟ್ಟು. ಪಾಲಕೋಡ್, ಕಾರಿಮಂಗಲಂ, ಇದೇ ಬೀದಿ. ನಾರಾಯಣಮ್ಮ ಕೂಲಿಗೆ ಹೋದದ್ದು ನಿಜವೇ, ಆದರೆ ಒಂದು ಸಲ. ಆಮೇಲಿನ ಚೀಟಿಗಳ ಮೂಲೆಯಲ್ಲೆಲ್ಲ ‘ಕಂಗಾಣಿ ನಾರಾಯಣಮ್ಮ’ ಎಂದಿತ್ತು, ತೋಟಕ್ಕೆ ಹುಡುಗಿಯರನ್ನು ಹಿಡಿದುಕೊಡುವವಳು. ಆ ಹೆಬ್ಬೆಟ್ಟುಗಳು ಹುಣಸೆಬೀಜಕ್ಕಿಂತ ದೊಡ್ಡವಿರಲಿಲ್ಲ. ಕೂಲಿಗೆ ಹೋದಾಗಿನ ನಾರಾಯಣಮ್ಮನದೇ ಚೀಟಿಯ ಕೆಳಗೆ ‘ಬಂದಳು’ ಎಂದು ಬರೆದಿತ್ತು. ಮಿಕ್ಕವುಗಳ ಕೆಳಗೆ ಅದೇ ಜಾಗ ಖಾಲಿ. ಚೆಲ್ಲಮ್ಮ ತಿರುವಿ ತಿರುವಿ ನೋಡಿದಳು, ಖಾಲಿ, ಖಾಲಿ.

ಕೊನೆಯದರಲ್ಲಿ ಹೀಗಿತ್ತು: ‘ಸೊಣ್ಣಮ್ಮ. ನಾರಾಯಣಮ್ಮನ ಮಗಳು. ಒಬ್ಬಳು ಕಮ್ಮಿ ಬಿದ್ದದ್ದಕ್ಕೆ.’

ಸೊಣ್ಣಮ್ಮ ಸಿಡುಬು ಎದ್ದು ತೀರಿಕೊಂಡ ಮಗು ಎಂದು ಮನೆಯವರ ಲೆಕ್ಕ. ವರ್ಷಕ್ಕೊಮ್ಮೆ ಅವಳ ಹೆಸರಿನಲ್ಲಿ ಒಂದು ಹಸಿರು ಪಾವಡೆ ಇಟ್ಟು ಎಡೆ ಹಾಕುತ್ತಿದ್ದರು. ಆ ಚೀಟಿಯ ಕೆಳಗೆ ಖಾಲಿ ಇರಲಿಲ್ಲ. ‘ಬರುತ್ತಾಳೆ’ ಎಂದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ ಮತ್ತೆ ‘ಬರುತ್ತಾಳೆ’. ಕಾಗದದ ಹಿಂಬದಿಯಲ್ಲೂ ಅದೇ, ಕೊನೆಕೊನೆಗೆ ಅಕ್ಷರ ಸೊಟ್ಟಗಾಗಿ ಸಾಲು ಕೆಳಗಿಳಿದಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಮಾತು ಚೆಲ್ಲಮ್ಮ ಕೇಳಿದ್ದಳು. ಸ್ವಂತ ಮಗಳನ್ನೂ ತಳ್ಳಿ, ಸಾಯುವವರೆಗೆ ಬಾವಿಯ ಕಟ್ಟೆಯ ಮೇಲೆ ಕೂತವಳನ್ನು ಈಗ ಕಂಡಳು. ಚೀಟಿಗಳನ್ನೆಲ್ಲ ಒಟ್ಟುಮಾಡಿ ಮಡಿಲಿಗೆ ಹಾಕಿಕೊಂಡಳು.

ರಾತ್ರಿ ಮಗ ಊಟಕ್ಕೆ ಕೂತ ಕೂಡಲೇ ಕಾಗದಗಳನ್ನು ಮುಂದಿಟ್ಟಳು.

“ಅವ್ವಾ, ಅದು ವೆಳ್ಳೆಕಾರನ ಕಾಲ, ಬ್ರಿಟಿಷ್ನೋರದ್ದು. ಈಗ ಎಲ್ಲಾ ಆನ್‌ಲೈನು,” ಎಂದ ಪ್ರಭಾಕರ್, ಊಟದ ತಟ್ಟೆಯಿಂದ ಕಣ್ಣೆತ್ತದೆ.

“ಮೇನಕಾ ಎಲ್ಲವ್ಳೆ, ಅದನ್ನೇಳು.”

“ಮಿಲ್ಲಲ್ಲವ್ಳೆ.”

“ನೀನು ಕಣ್ಣಾರೆ ನೋಡಿದ್ಯಾ?”

ಅವನು ಕೈ ತೊಳೆದ. “ನಾಳೆ ಒಂದು ಸೀಟು ತುಂಬ್ಬೇಕು. ಗಾಡಿ ಫುಲ್ ಆಗ್ದಿದ್ರೆ ಮಿಲ್ಲಿನೋರು ನನ್ನ ಸುಮ್ನೆ ಬಿಡಾಕಿಲ್ಲ. ಅವ್ರು ಎಂಥಾ ಜನ ಅಂತ ನಿಂಗೆ ತೆರಿಯಾದು, ಗೊತ್ತಿಲ್ಲ. ನೀನು ಕುಂಕುಮ ಇಡು, ಸಾಕು.” ಹಾಗೆನ್ನುವಾಗ ಅವನ ಕಣ್ಣಲ್ಲಿ ಇದ್ದದ್ದು ಕೋಪವಲ್ಲ, ಹೆದರಿಕೆ. ಮಗ ಹೆದರಿದ್ದನ್ನು ಚೆಲ್ಲಮ್ಮ ಅವನು ಚಿಕ್ಕವನಿದ್ದಾಗಿನಿಂದ ಕಂಡಿರಲಿಲ್ಲ.

ಬೆಳಗ್ಗೆ ಗಾಡಿ ಬಂತು. ಪಾಲಕೋಡ್ ಕಡೆಯ ಹುಡುಗಿಯರು ಆಗಲೇ ಒಳಗೆ ಕೂತಿದ್ದರು, ಕಿಟಕಿಗಳಿಗೆ ಪರದೆ ಎಳೆದಿತ್ತು. ಮುಂದಿನ ಸೀಟಿನಲ್ಲಿದ್ದ ಮಿಲ್ಲಿನವನು ಇಳಿಯದೆ ಬೀದಿಯನ್ನು ನೋಡುತ್ತ ಕೂತಿದ್ದ. ಪ್ರಭಾಕರ್ ಜಗಲಿಯ ಮೇಲೆ ರೇಷನ್ ಅಂಗಡಿಯಲ್ಲಿರುವಂಥ ಬೆರಳಿಡುವ ಮಿಷನ್ ಇಟ್ಟ. ಅದರಲ್ಲಿ ಕೆಂಪು ದೀಪ ಉರಿಯಿತು.

“ಅಣ್ಣಾ, ಸಹಿ ಆಕ್ತೀನಿ. ನಂಗೆ ಬರೀಲಿಕ್ಕೆ ಬತ್ತೈತೆ,” ಎಂದಳು ತಮಿಳ್‌ಸೆಲ್ವಿ.

“ಸಹಿ ವೇಣಾಂ. ಕೈನಾಟು ಸಾಕು, ಎಬ್ಬೆಟ್ಟು. ಮೊದ್ಲು ಅಜ್ಜಿ ತಾವ ಕುಂಕುಮ ಇಡಿಸ್ಕೊ.”

ಹುಡುಗಿ ಹಣೆ ಮುಂದೆ ಮಾಡಿದಳು. ಜಗಲಿಯ ಮೇಲೆ ಕೂತಿದ್ದ ಚೆಲ್ಲಮ್ಮ ಹಣೆ ಮುಟ್ಟಲಿಲ್ಲ. ಅವಳ ಹೆಬ್ಬೆರಳು ಹಿಡಿದು, ಮಡಿಲಲ್ಲಿದ್ದ ಒಂದು ಚೀಟಿಯ ಹೆಬ್ಬೆಟ್ಟಿನ ಪಕ್ಕ ಇಟ್ಟಳು. ಮಗಳ ಹಿಂದೆ ನಿಂತಿದ್ದ ಶಾಂತಿ ಬಗ್ಗಿ ನೋಡಿದಳು.

“ಏನಕ್ಕಾ ಇದು?”

“ನಾರಾಯಣಮ್ಮ ಕರ್ಕೊಂಡೋದ ಉಡ್ಗೀರು ಕಣೆ. ಗಂಟಲ್ಲಿ ಇದ್ದಿದ್ದು ಇದೇಯ. ಒಬ್ಳೂ ತಿರುಗಿ ಬರ್ಲಿಲ್ಲ.” ಆಮೇಲೆ ಕುಂಕುಮದ ಬಟ್ಟಲನ್ನು ಎತ್ತಿ ಬಾಗಿಲ ಮುಂದಿನ ಮಣ್ಣಿಗೆ ಸುರಿದಳು. “ನನ್ನ ಕೈಯಿಂದ ಇನ್ಮೇಲೆ ಕುಂಕುಮ ಇಲ್ಲ.”

 ಶಾಂತಿ ಮಗಳ ತೋಳು ಹಿಡಿದಳು, ಬ್ಯಾಗು ಎತ್ತಿಕೊಂಡಳು, ಹಿಂದೆ ನೋಡದೆ ತನ್ನ ಮನೆಗೆ ನಡೆದು ಬಾಗಿಲು ಹಾಕಿಕೊಂಡಳು. ಒಂದು ಮಗು ಉಳಿಯಿತು ಎಂದು ಚೆಲ್ಲಮ್ಮನಿಗೆ ಉಸಿರು ಬಂತು. ಗಾಡಿಯ ಪರದೆಯೊಂದು ಸರಿದು, ಒಳಗಿನಿಂದ ಯಾವುದೋ ಹುಡುಗಿ ಮಣ್ಣಿನ ಮೇಲಿನ ಕುಂಕುಮವನ್ನೇ ನೋಡುತ್ತಿದ್ದಳು. ಆ ಪರದೆಯನ್ನು ಯಾರೋ ಮತ್ತೆ ಎಳೆದರು.

ಮಿಲ್ಲಿನವನು ಕೈಗಡಿಯಾರ ನೋಡಿದ. ಹಾರನ್ನು ಒಮ್ಮೆ ಒತ್ತಿಸಿದ.

ಪ್ರಭಾಕರ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬೈಯುತ್ತಾನೆ ಎಂದು ಚೆಲ್ಲಮ್ಮ ಕಾದಿದ್ದಳು. ಅವನು ಬೈಯಲಿಲ್ಲ. ಒಳಗೆ ತಿರುಗಿ ತಗ್ಗಿದ ದನಿಯಲ್ಲಿ ಕರೆದ.

“ಸುಗನ್ಯಾ, ಇಲ್ ಬಾರಮ್ಮ.”

ಸುಗನ್ಯಾ ಅವನ ಮಗಳು. ತಾಯಿ ಸತ್ತ ಮೇಲೆ ಅಜ್ಜಿಯ ಸೆರಗಿನಲ್ಲೇ ಬೆಳೆದವಳು, ನರ್ಸಿಂಗ್ ಸೀಟಿಗೆ ಅರ್ಜಿ ಹಾಕಿ ಕಾಯುತ್ತಿದ್ದಳು. ಪಾತ್ರೆ ತೊಳೆಯುತ್ತಿದ್ದ ಕೈಯನ್ನು ದಾವಣಿಗೆ ಒರೆಸಿಕೊಳ್ಳುತ್ತ ಬಂದಳು.

“ಒಬ್ಳು ಕಮ್ಮಿ ಬಿದ್ದವ್ಳೆ,” ಎಂದ ಪ್ರಭಾಕರ್. “ಒಂದ್ ತಿಂಗ್ಳು ಅಷ್ಟೇ, ನನ್ ಕಣ್ಣು. ಆಮೇಲೆ ನಿನ್ ಜಾಗಕ್ಕೆ ಬೇರೆಯೋರ್ನ ಬಿಟ್ಟು ನಾನೇ ಬಂದು ಕರ್ಕೊಂಡ್ ಬತ್ತೀನಿ. ಬೆರಳು ಇಡು.”

ಅಪ್ಪ ಹೇಳಿದ ಮೇಲೆ ಅನುಮಾನವೇನು? ಸುಗನ್ಯಾ ನಗುತ್ತಲೇ ಹೆಬ್ಬೆರಳು ಚಾಚಿದಳು.

ಚೆಲ್ಲಮ್ಮ ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮಡಿಲಿನ ಚೀಟಿಗಳು ಕೆಳಗೆ ಬಿದ್ದು ಚೆದುರಿದವು. ಎರಡನೆಯ ಸಲ ಹಾರನ್ ಕೇಳಿಸಿತು.

“ಅಜ್ಜಿ, ನೋಯ್ತೈತೆ. ಬಿಡಜ್ಜಿ.”

ಚೆಲ್ಲಮ್ಮ ಬಿಡಲಿಲ್ಲ. ಪ್ರಭಾಕರ್ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. “ಬತ್ತಾಳೆ ಅವ್ವಾ, ಬತ್ತಾಳೆ,” ಎನ್ನುತ್ತ, ಮೆಲ್ಲಗೆ, ಮರ್ಯಾದೆಯಿಂದಲೇ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.