ನೆಗ್ಗಿದ ಸೇರು

ಬಿಡಿಸಿದ ಗೋವಿನಜೋಳವನ್ನು ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುತ್ತಿದ್ದ ಕಾಶೆವ್ವ ಹನ್ನೊಂದನೆಯ ಸೇರಿಗೆ ಕೈ ನಿಲ್ಲಿಸಿದಳು. ಮೊಮ್ಮಗಳು ಲಕ್ಷ್ಮೀದೇವಿ ಟ್ರಂಕಿನ ತಳದಿಂದ ಅರ್ಧಕ್ಕೇ ನಿಂತಿದ್ದ ಹಳೇ ಪತ್ರ ಹೊರಗೆ ತೆಗೆದಿದ್ದಳು.

“ಆಯಿ, ‘ನಾ ಮಾಡಿದ್ದು’ ಅಂತ ಬರದು ಮೂರು ವರ್ಷ ಆತು. ದಾಂಡೇಲಿಯಿಂದ ನಿನ್ನ ಗೆಳತಿ ಮೊಮ್ಮಗಳು ನಿಲೋಫರ ಫೋನ್ ಮಾಡಿದ್ಲು. ರಹೀಮುನ್ನಿಸಾ ಅಜ್ಜಿಗೆ ಕಣ್ಣು ಮಂಜಾಗಾಕತ್ತಾವಂತ. ಆಕಿಗೆ ಇನ್ನೂ ತಾನ ಓದಾಕ ಬರೂವಾಗ ಕಳಸು.”

“ಮುಂದ ‘ತಪ್ಪು’ ಅಂತ ಬರೀಬೇಕು. ಖರೇ ಇದ್ದದ್ದನ್ನ ಬರೀರಿ ಅಂತ ರಾತ್ರಿ ಸಾಲ್ಯಾಗ ಸೋಮಪ್ಪ ಮಾಸ್ತರು ಕಲಿಸ್ಯಾರ. ಇದು ಖರೇ ಹೌದೋ ಅಲ್ಲೋ ತಿಳೀವಲ್ತು,” ಎಂದಳು ಕಾಶೆವ್ವ.

ಹಿಂದೆ ಮುಂಡಗೋಡ ಸಂತೆಯಲ್ಲಿ ಕಾಶೆವ್ವ, ರಹೀಮುನ್ನಿಸಾ ಗೆಳತಿಯರಿಬ್ಬರೂ ಅಕ್ಕಪಕ್ಕ ಕುಳಿತು ಚುರುಮುರಿ ಮಾರುತ್ತಿದ್ದ ಕಾಲ ಅದು. ಅಳತೆ ಕಡಿಮೆಯಾಗುವಂತೆ ಸೇರಿನ ತಳಕ್ಕೆ ಒಂದೇಟು ಹಾಕಿ ಒಳಗೆ ನೆಗ್ಗಿಸುವುದು ಆಗಿನ ರೂಢಿ. ಯಾರೂ ಅದನ್ನು ಮೋಸ ಎನ್ನುತ್ತಿರಲಿಲ್ಲ, ಜಾಣತನ ಎನ್ನುತ್ತಿದ್ದರು. ಕಾಶೆವ್ವನೂ ನೆಗ್ಗಿಸಿದಳು. ರಹೀಮುನ್ನಿಸಾ ನೋಡಿದರೂ ನಾಲ್ಕು ಜನರೆದುರು ಚಕಾರ ಎತ್ತಲಿಲ್ಲ. ಸಂತೆ ಮುಗಿದ ಮೇಲೆ ಆ ಸೇರನ್ನು ತನ್ನ ಬುಟ್ಟಿಗೆ ಹಾಕಿಕೊಂಡು, ತನ್ನದನ್ನು ಕಾಶೆವ್ವನ ಮಡಿಲಿಗಿಟ್ಟಳು. “ಕಾಶಕ್ಕಾ, ಇನ್ನ ಇದರಾಗ ಅಳಿ. ನನಗ ಮನ್ಯಾಗ ಇನ್ನೊಂದೈತಿ.”

ಇನ್ನೊಂದಿರಲಿಲ್ಲ. ಮುಂದಿನ ಸಂತೆಯಲ್ಲಿ ಆಕೆ ಆ ನೆಗ್ಗಿದ ಸೇರಿನಲ್ಲೇ ಅಳೆದು, ಪ್ರತಿ ಸಲ ಮೇಲೊಂದು ಬೊಗಸೆ ಹಾಕಿ ಕೊಡುತ್ತಿದ್ದಳು.

“ಒಳ್ಳೇದು ಕೆಟ್ಟದ್ದು ಅನ್ನೂವು ಕಲ್ಲು ಮಣ್ಣಿನಂಗ ಲೋಕದಾಗ ಬಿದ್ದಿಲ್ಲ,” ಎಂದಳು ಹಳಿಯಾಳದಲ್ಲಿ ಕಾಲೇಜು ಓದುವ ಲಕ್ಷ್ಮೀದೇವಿ. “ಮನುಷ್ಯಾರು ಮಾಡಿಕೊಂಡದ್ದು. ಸಂತಿಗೆ ಸಂತೀನ ಸರಿ ಅಂದ ಮ್ಯಾಲೆ ತಪ್ಪು ಎಲ್ಲಿಂದ ಬಂತು?”

ಕಾಶೆವ್ವ ಸೇರನ್ನು ಅರ್ಧಕ್ಕೆ ತುಂಬಿ ಮುಂದೆ ಹಿಡಿದಳು. “ಇದೇನು ಗಿಡದಾಗ ಬೆಳದೈತಿ?”

“ಮನುಷ್ಯಾರ ಮಾಡಿದ್ದು.”

“ತುಂಬೈತಿ ಅಂತ ಸಂತಿ ಪೂರಾ ಅಂದ್ರ?”

“ಸುಳ್ಳು.” ಲಕ್ಷ್ಮೀದೇವಿ ನಕ್ಕಳು. “ಆದ್ರ ಸೇರು ಅಂದ್ರ ಎಷ್ಟು ಅಂತ ಗೊತ್ತು ಮಾಡೂದು ಸಂತೀನ, ಮುದುಕಿ. ಅವರು ಸಣ್ಣದು ಮಾಡಿದ್ರ?”

“ಮಾಡಲಿ. ಎಲ್ಲಾರಿಗೂ ಹೇಳಿ ಮಾಡಲಿ. ನಾವು ತಳ ಮುಚ್ಚಿಟ್ಟು ಅಳೀತಿದ್ವಿ. ತಗೊಳ್ಳಾಕಿಗೆ ತೋರಸಾಕ ಬಾರದ ಸೇರು ಅದು.”

ಹಾಗೆಂದವಳೇ ಸೇರನ್ನು ಕೆಳಗಿಟ್ಟಳು. ಆಮೇಲೆ ಕೈಯ ಹೊಟ್ಟು ಒರೆಸಿಕೊಂಡು, ಮೊಮ್ಮಗಳ ಪೆನ್ನು ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿದಳು: ‘ನಾ ಮಾಡಿದ್ದು ತಪ್ಪು. ನೀ ಮಾಡಿದ್ದು ಒಳ್ಳೇದು. ಅವತ್ತಿನಿಂದ ನಿನ್ನ ಸೇರಿನಲ್ಲೇ ಅಳೀತೇನಿ, ತಂಗಿ. ನಿನ್ನ ಉಪಕಾರ ಮರೆತಿಲ್ಲ.’

“ಇಷ್ಟ ಏನು?”

“ಇಷ್ಟಕ್ಕ ಮೂರು ವರ್ಷ ಹಿಡೀತು, ನಗಬ್ಯಾಡ.”

ಉಳಿದ ಜೋಳವನ್ನು ಹಾಗೇ ಬಿಟ್ಟು ಕಾಶೆವ್ವ ತಮ್ಮ ಹಳ್ಳಿ ಇಂದೂರಿನ ಅಂಚೆ ಕಚೇರಿಯವರೆಗೆ ತಾನೇ ನಡೆದಳು. ಕೆಂಪು ಡಬ್ಬಿಯೊಳಗೆ ಪತ್ರ ಬಿಟ್ಟಳು. ಅದು ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಕೈ ಹೊರಗೆ ತೆಗೆದಳು.